ಹಸಿರು ಚುಕ್ಕೆಯ ಕುರ್ಚಿ

ಅಂಥ ಇಸ್ಪೀಟ್ ಎಲೆಗಳನ್ನು ಯಾರೂ ಎಸೆಯುವುದಿಲ್ಲ. ಕನ್ನಡಕದವನು ಪರದೆಯ ಮೇಲಿನ ಆಟವನ್ನು ನಿಲ್ಲಿಸಿದ, ಹಿಂದಕ್ಕೆ ಓಡಿಸಿದ, ಮತ್ತೆ ನೋಡಿದ. ಆ ಕುರ್ಚಿಯಲ್ಲಿದ್ದವರು ಮತ್ತೆ ಎಸೆದರು.

ಅಂಗಡಿಯ ಹಿಂದೆ ಕಣ್ಣು ಪರೀಕ್ಷೆ ಮಾಡುವ ಕತ್ತಲೆ ಕೋಣೆ. ಗೋಡೆಯ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಅಕ್ಷರಗಳ ಫಲಕ, ಗಿರಾಕಿಗಳು ಗಲ್ಲ ಊರುವ ಯಂತ್ರ, ಪಕ್ಕದ ಸ್ಟೂಲಿನ ಮೇಲೆ ಲ್ಯಾಪ್‌ಟಾಪು. ಹೊರಗೆ ಬೆಳಗಿನ ಬಿಸಿಲು ಬಿದ್ದಿತ್ತು, ರಸ್ತೆಯಲ್ಲಿ ಓಡಾಟ ಶುರುವಾಗಿತ್ತು. ಇವನು ಮಾತ್ರ ಗಾಜಿನ ಬಾಗಿಲಿಗೆ ‘ಮುಚ್ಚಿದೆ’ ಫಲಕ ತಿರುಗಿಸಿ ಬಂದು ಗೂಬೆಯ ಹಾಗೆ ಕತ್ತಲಲ್ಲಿ ಕೂತಿದ್ದ.

ಆದದ್ದು ಇಷ್ಟು. ಇವನ ಭಾವನನ್ನು ಯಾರೋ ಮನೆಯೊಳಗಿನ ಮೆಟ್ಟಿಲ ಮೇಲಿಂದ ತಳ್ಳಿ ಕೊಂದಿದ್ದರು. ಸತ್ತ ಮೇಲೂ ಭಾವನ ಹೆಸರಿನಲ್ಲಿ ಆನ್‌ಲೈನ್ ಪೋಕರ್ ಆಟ ನಡೆದಿತ್ತು. ಆ ಆಟ ನೋಡಿ ಇವನು ಹೇಳಿದ ಮಾತಿನಿಂದ ಅಕ್ಕನ ಮೈದುನ ಲಾಕಪ್ಪಿನಲ್ಲಿ ಕೂತಿದ್ದ.

ಇವನ ಮಾತಿಗೆ ಅಷ್ಟು ತೂಕ ಬಂದದ್ದಕ್ಕೆ ಕಾರಣವಿತ್ತು. ಕನ್ನಡಕದ ಅಂಗಡಿ ಇಡುವ ಮೊದಲು ಇವನು ಹೊಟ್ಟೆಪಾಡಿಗೆ ಪೋಕರ್ ಆಡಿದವನು. ಆನ್‌ಲೈನ್ ಮೇಜಿನಲ್ಲಿ ಎದುರಾಳಿಯ ಮುಖ ಕಾಣುವುದಿಲ್ಲ, ದನಿ ಕೇಳುವುದಿಲ್ಲ, ಹೆಸರೂ ಸುಳ್ಳು. ಆದರೂ ಹೊಸಬ ಬಂದು ಕೂತ ಮೊದಲ ಕೆಲವು ಸುತ್ತುಗಳಲ್ಲೇ ಅವನು ಎಂಥ ಆಟಗಾರ ಎಂದು ಇವನು ಹೇಳಿಬಿಡುತ್ತಿದ್ದ. ಕೆಟ್ಟ ಎಲೆ ಬಂದರೂ ಸುಮ್ಮನೆ ಎಲ್ಲ ಸುತ್ತಿಗೂ ಸೇರಿಕೊಳ್ಳುತ್ತಾನಾ, ಪಣಕ್ಕೆ ಇಡುವ ಬಿಲ್ಲೆಗಳಿಗೆ ಒಂದು ಲೆಕ್ಕಾಚಾರ ಇದೆಯಾ, ಯೋಚನೆ ಮಾಡುವ ಕಡೆ ಯೋಚನೆ ಮಾಡುತ್ತಾನಾ ಅಥವಾ ಗುಂಡಿ ಕಂಡ ಕೂಡಲೇ ಒತ್ತುತ್ತಾನಾ, ಸೋತ ಎಲೆಯನ್ನು ಎದೆಗವಚಿಕೊಂಡು ಕೊನೆಯವರೆಗೂ ಹೋಗುತ್ತಾನಾ. ಅಷ್ಟು ನೋಡಿದರೆ ಇವನಿಗೆ ಸಾಕಿತ್ತು.

ನೋಡಿ ಆದ ಮೇಲೆ ಆ ಹೆಸರಿನ ಪಕ್ಕ ಒಂದು ಚುಕ್ಕೆ. ಗಟ್ಟಿಗನಿಗೆ ಕೆಂಪು, ಸುಲಭಕ್ಕೆ ಸೋಲುವವನಿಗೆ ಹಸಿರು. ಆಟದ ಕಿಟಕಿಯಲ್ಲೇ ಆ ಸೌಕರ್ಯ ಇರುತ್ತದೆ, ಎಲ್ಲ ಪಳಗಿದವರೂ ಅದನ್ನು ಬಳಸುತ್ತಾರೆ. ಇವನ ವಿಶೇಷವೆಂದರೆ ಒಮ್ಮೆ ಇಟ್ಟ ಚುಕ್ಕೆಯನ್ನು ಬದಲಾಯಿಸಬೇಕಾದ ಪ್ರಸಂಗವೇ ತನಗೆ ಬಂದಿಲ್ಲವೆಂದು ಜಂಬ ಕೊಚ್ಚಿಕೊಳ್ಳುವುದು.

ಇನ್ಸ್‌ಪೆಕ್ಟರ್ ಮೇಡಂ ಮೊದಲ ಸಲ ಆ ಆಟದ ದೃಶ್ಯ ತಂದಾಗಲೂ ಹಾಗೆಯೇ ಆಯಿತು. ಐದು ಕುರ್ಚಿಯ ಮೇಜು. ‘ಸೋಮಾರಿ ಬೆಕ್ಕು’ ಎಂಬ ಹೆಸರಿನ ಕುರ್ಚಿ ಭಾವನದು. ಬೆಳಿಗ್ಗೆಯಿಂದ ಆಡಿ ಸ್ವಲ್ಪ ಹೊತ್ತು ಖಾಲಿಯಾಗಿ, ಮತ್ತೆ ತುಂಬಿತ್ತು. ಆಮೇಲಿನ ಕೆಲವು ಸುತ್ತು ನೋಡಿದ್ದೇ ಇವನು ಲ್ಯಾಪ್‌ಟಾಪು ಮುಚ್ಚಿದ್ದ.

“ಇಷ್ಟು ಸಾಕು ಮೇಡಂ. ಎದ್ದು ಹೋದೋರು ಬೇರೆ, ಬಂದು ಕೂತೋರು ಬೇರೆ. ಈಗ ಕೂತಿರೋರಿಗೆ ಪೋಕರ್ ಅಂದ್ರೇನು ಅಂತಾನೇ ಗೊತ್ತಿಲ್ಲ. ಇಲ್ಲಿ ಕೊನೇಲಿ ಎಲೆ ತೆರೆದಾಗ ಎಕ್ಕದ ಜೋಡಿ ಇತ್ತು, ಅದನ್ನ ಕೈಯಲ್ಲಿಟ್ಕೊಂಡು ಟೈಮ್ ಮುಗಿಯೋವರೆಗೆ ಕೂತಿದ್ರು, ನೋಡಿ.”

ಆಟ ಗೊತ್ತಿಲ್ಲದವರು, ಬೀಗ ಮುರಿಯದೆ ಆ ಮನೆಯೊಳಗೆ ಹೋಗಬಲ್ಲವರು. ಮೇಡಂ ಹುಡುಕಿದರು. ಅಕ್ಕನ ಮೈದುನ ಬೀಗ ರಿಪೇರಿ ಮಾಡುವವನು, ಆ ಹೊತ್ತಿನಲ್ಲಿ ಎಲ್ಲಿದ್ದೆ ಅಂದರೆ ಸಾಕ್ಷಿ ಇಲ್ಲದವನು. ಠಾಣೆಯಲ್ಲಿ ಆ ಪಾಪದವನು ಕೈ ಮುಗಿದು, “ನಾನು ಜನ್ಮದಲ್ಲಿ ಇಸ್ಪೀಟ್ ಎಲೆ ಮುಟ್ಟಿದೋನಲ್ಲ,” ಅಂದನಂತೆ. ತನ್ನ ಪಾಲಿಗೆ ಒಳ್ಳೆಯ ಮಾತು ಅಂದುಕೊಂಡು ಆಡಿದ್ದು ಅವನನ್ನೇ ಒಳಗೆ ಹಾಕಿತು.

“ಅಕ್ಕ?” ಎಂದು ಮೇಡಂ ಕೇಳಿದ್ದರು.

“ಅಕ್ಕ ಕೆಲಸದಲ್ಲಿದ್ಲು. ಇಲ್ದಿದ್ರೂ ಅವಳಿಗೆ ಕಂಪ್ಯೂಟರ್ ಆನ್ ಮಾಡೋಕೇ ಬರಲ್ಲ,” ಅಂದಿದ್ದ. ಅಲ್ಲಿಗೆ ಅದು ಮುಗಿದಿತ್ತು.

ನಿನ್ನೆ ಸಂಜೆ ಮೇಡಂ ಮತ್ತೆ ಬಂದಿದ್ದರು. ಆಟ ನಡೆಸುವ ಕಂಪನಿ ಕೊನೆಗೂ ಎಲ್ಲರ ಕೈಯಲ್ಲಿದ್ದ ಎಲೆಗಳನ್ನು ಬಿಚ್ಚಿ ಕೊಟ್ಟಿತ್ತು. ಆಡುವಾಗ ಎದುರಾಳಿ ಎಸೆದ ಎಲೆ ಏನೆಂದು ಯಾರಿಗೂ ಕಾಣುವುದಿಲ್ಲ. ಇದರಲ್ಲಿ ಎಲ್ಲವೂ ಕಾಣುತ್ತಿತ್ತು. “ಕೇಸು ಗಟ್ಟಿ ಆಗ್ಬೇಕು. ಈ ಸಲ ಪೂರ್ತಿ ನೋಡಿ ಕನ್ನಡಕದವ್ರೇ,” ಅಂದು ಕೊಟ್ಟು ಹೋಗಿದ್ದರು.

ಪೂರ್ತಿ ನೋಡಲು ಇವನಿಗೆ ಮನಸ್ಸಿರಲಿಲ್ಲ. ಏಕೆಂದರೆ ಆ ಮೇಜಿನಲ್ಲಿ ‘ಹಳೇ ಛತ್ರಿ’ ಎಂಬ ಇನ್ನೊಂದು ಕುರ್ಚಿ ಇತ್ತು, ಆ ಕುರ್ಚಿ ಇವನದೇ ಆಗಿತ್ತು.

ಆಟ ಬಿಟ್ಟೆ ಎಂದು ಅಕ್ಕನ ತಲೆ ಮುಟ್ಟಿ ಹೇಳಿದವನು ಇವನು. ಭಾವ ಸತ್ತ ದಿನ ಬೆಳಿಗ್ಗೆ ಇದೇ ಕತ್ತಲೆ ಕೋಣೆಯಲ್ಲಿ, ಇದೇ ಫಲಕ ತಿರುಗಿಸಿ, ಕದ್ದು ಆಡುತ್ತ ಕೂತಿದ್ದ. ‘ಸೋಮಾರಿ ಬೆಕ್ಕು’ ಎಂದರೆ ಭಾವ ಎಂದು ಮೇಡಂ ಬಾಯಿಂದ ಕೇಳಿದಾಗಲೇ ಇವನಿಗೆ ಗೊತ್ತಾದದ್ದು. ಕೇಳಿಯೂ ತುಟಿ ಬಿಚ್ಚಲಿಲ್ಲ. ಆ ದಿನವಿಡೀ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದೆ ಎಂದು ಹೇಳಿಕೆ ಕೊಟ್ಟಿದ್ದ.

ಈಗ ಪರದೆಯ ಮೇಲೆ ಆ ಸುತ್ತು ನಿಂತಿತ್ತು. ಮಧ್ಯಾಹ್ನದ ಆಟ. ಸತ್ತವನ ಕುರ್ಚಿಯಲ್ಲಿ ಕೂತವರ ಕೈಯಲ್ಲಿ ಒಂದು ಎಕ್ಕ, ಒಂದು ರಾಜ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳಲ್ಲೂ ಒಂದು ಎಕ್ಕ, ಒಂದು ರಾಜ. ಅಂದರೆ ಎರಡು ದೊಡ್ಡ ಜೋಡಿ. ಹೊಸಬನಾದವನು ಇಂಥದ್ದನ್ನು ಕಂಡರೆ ಮನೆ ಮಾರಿಯಾದರೂ ಮುಂದೆ ಹೋಗುತ್ತಾನೆ.

ಆದರೆ ನಡುವಿನ ಐದರಲ್ಲಿ ಮೂರು ಇಸ್ಪೀಟು ಜಾತಿಯವು. ‘ಹಳೇ ಛತ್ರಿ’ಯ ಕೈಯಲ್ಲಿ ಇನ್ನೆರಡು ಇಸ್ಪೀಟು. ಐದೂ ಒಂದೇ ಜಾತಿಯಾದರೆ ಅದರ ಮುಂದೆ ಎರಡು ಜೋಡಿ ನಿಲ್ಲುವುದಿಲ್ಲ. ಇವನು ಬಲೆ ಹಾಕಿದವನ ಹಾಗೆ ಕೊನೆಯ ಎಲೆಗೆ ದೊಡ್ಡದಾಗಿ ಬಿಲ್ಲೆ ಇಟ್ಟಿದ್ದ.

ಅತ್ತಲಿಂದ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಎಕ್ಕ, ರಾಜ ಎರಡೂ ಕಸಕ್ಕೆ ಹೋದವು.

ಆಡುವಾಗ ಇವನು ‘ಬರಿಗೈ ಇರಬೇಕು’ ಅಂದುಕೊಂಡು ಮರೆತಿದ್ದ. ಅದು ಬರಿಗೈ ಆಗಿರಲಿಲ್ಲ. ಅಲ್ಲಿಂದ ಮುಂದೆ ಇವನು ಒಂದೂ ಸುತ್ತು ಬಿಡದೆ ನೋಡಿದ. ನೋಡುತ್ತ ನೋಡುತ್ತ ಕಿವಿ ಬಿಸಿಯಾಯಿತು. ಆ ಕುರ್ಚಿಯವರು ಏನೂ ಇಲ್ಲದ ಎಲೆ ಇಟ್ಟುಕೊಂಡು ಇವನನ್ನೇ ಬ್ಲಫ್ ಹೊಡೆದು ಓಡಿಸಿದ್ದರು. ಒಮ್ಮೆ ಅಲ್ಲ, ಮತ್ತೆ ಮತ್ತೆ.

ಇದು ಪಳಗಿದ ಕೈ. ಅದಕ್ಕಿಂತ ಹೆಚ್ಚಾಗಿ, ಇವನ ಆಟವನ್ನು ಅಂಗೈ ಹಾಗೆ ಬಲ್ಲ ಕೈ. ಮೇಜಿನ ಉಳಿದವರ ಮುಂದೆ ಸಾಧಾರಣವಾಗಿ ಆಡುತ್ತಿದ್ದವರು ಇವನ ಎದುರು ಬಂದಾಗ ಮಾತ್ರ ಒಂದೂ ತಪ್ಪು ಮಾಡಿರಲಿಲ್ಲ.

ಇವನ ಆಟವನ್ನು ಅಷ್ಟು ಹತ್ತಿರದಿಂದ ಕಂಡವರು ಯಾರು? ಇವನು ಒಂಟಿಯಾಗಿ ಕೂತು ಆಡಿದವನು. ಆ ಕಾಲದಲ್ಲಿ ಬಾಡಿಗೆಯ ಒಂದೇ ಕೋಣೆ. ಇವನು ಗೋಡೆಗೆ ಮುಖ ಮಾಡಿ ಆಡುತ್ತಿದ್ದ, ಹಿಂದೆ ಮಂಚದ ಮೇಲೆ ಕೂತು ಆಸ್ಪತ್ರೆಯ ಹರಿದ ಚಾದರಗಳಿಗೆ ತೇಪೆ ಹಾಕುತ್ತಿದ್ದವಳು ಒಬ್ಬಳೇ. ಇವನು ತನ್ನಷ್ಟಕ್ಕೆ ಗೊಣಗುತ್ತಿದ್ದ, ‘ಇವನು ಸುಳ್ಳು ಹೇಳ್ತಿದಾನೆ, ಇವನ ಹತ್ರ ಇದೆ, ಇವನು ಹಸಿರು’ ಎಂದು. ಅವಳು ಹೂಂ ಅನ್ನುತ್ತಿದ್ದಳು. ಗೋಡೆಗೆ ಹೇಳಿದಂತೆ ಅಂದುಕೊಂಡಿದ್ದ.

ಕನ್ನಡಕದವನು ಕನ್ನಡಕ ತೆಗೆದು ಕಣ್ಣೊತ್ತಿಕೊಂಡ. ಅಪ್ಪ ಅಮ್ಮ ಹೋದ ಮೇಲೆ ಬೆಳೆಸಿದವಳು ಅಕ್ಕ, ಓದಿಸಿದವಳು ಅಕ್ಕ, ಅವಳಿಗೂ ಅದ್ಯಾವ ಕಾಲದಲ್ಲೋ ಒಂದು ಹಸಿರು ಚುಕ್ಕೆ ಇಟ್ಟು ಮರೆತುಬಿಟ್ಟಿದ್ದ. ನಾಚಿಕೆಯಾಯಿತು. ಅದರ ಬೆನ್ನಿಗೇ ಭಯವೂ ಆಯಿತು.

*

ಅಕ್ಕ ಇಸ್ತ್ರಿ ಮಾಡುತ್ತಿದ್ದಳು. ಊಟದ ಮೇಜಿನ ಮೇಲೆ ದಪ್ಪ ಕಂಬಳಿ ಹಾಸಿ, ಭಾವನ ಅಂಗಿಗಳನ್ನು ಒಂದೊಂದಾಗಿ ಹರವುತ್ತಿದ್ದಳು. ಕೊರಳ ಪಟ್ಟಿ, ಆಮೇಲೆ ತೋಳು, ಆಮೇಲೆ ಬೆನ್ನು. ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ವರ್ಷಗಟ್ಟಲೆ ಮಾಡಿದ ಕೆಲಸ, ಕೈ ತಾನಾಗಿ ನಡೆಯುತ್ತಿತ್ತು. ಅವಳ ಹಿಂದೆ ಮಹಡಿಗೆ ಹೋಗುವ ಮರದ ಮೆಟ್ಟಿಲು. ಕೆಳಗಿನ ಮೆಟ್ಟಿಲನ್ನು ತಿಕ್ಕಿ ತಿಕ್ಕಿ ತೊಳೆದದ್ದರಿಂದ ಅದೊಂದು ಮಾತ್ರ ಬೆಳ್ಳಗಿತ್ತು.

“ಯಾರಿಗಕ್ಕ ಇವೆಲ್ಲ?”

“ಯಾರಿಗಾದ್ರೂ ಆಗುತ್ತೆ. ಕೂತ್ಕೊ. ಮುಖ ಯಾಕೆ ಹಿಂಗಾಗಿದೆ? ಊಟ ಆಯ್ತಾ?”

“ಆಯ್ತು,” ಎಂದು ಸುಳ್ಳು ಹೇಳಿ ಕೂತ. ಮಾತು ಎಲ್ಲಿಂದ ಎತ್ತಬೇಕೆಂದು ತಿಳಿಯಲಿಲ್ಲ. ಆಟದ ಮೇಜಿನಲ್ಲಾದರೆ ಗುಂಡಿಗಳಿರುತ್ತವೆ, ಒಂದನ್ನು ಒತ್ತಿದರಾಯಿತು.

“ಅಕ್ಕ, ಎಕ್ಕ-ರಾಜ ಎರಡು ಜೋಡಿ ಇಟ್ಕೊಂಡು ಯಾರಾದ್ರೂ ಎಸೀತಾರಾ?”

ಇಸ್ತ್ರಿಪೆಟ್ಟಿಗೆ ನಿಲ್ಲಲಿಲ್ಲ. ತೋಳಿನ ತುದಿಯವರೆಗೆ ಹೋಗಿ, ತಿರುಗಿ ಬಂತು.

“ಎದುರಿಗೆ ಕೂತೋನು ಯಾರು ಅನ್ನೋದರ ಮೇಲಿರುತ್ತೆ,” ಅಂದಳು ಅಕ್ಕ.

ಅವಳು ಅಲ್ಲಗಳೆಯುತ್ತಾಳೆ, ಅಳುತ್ತಾಳೆ, ಸಿಟ್ಟಾಗುತ್ತಾಳೆ ಎಂದು ಇವನು ದಾರಿಯುದ್ದಕ್ಕೂ ಮೂರಕ್ಕೂ ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದ. ಇದೊಂದನ್ನು ಯೋಚಿಸಿರಲಿಲ್ಲ.

“ನೀನಾ?”

“ನಾನೇ.”

“ಅವತ್ತು ಕೆಲಸಕ್ಕೆ ಹೋಗಿದ್ದೆ ಅಲ್ವಾ?”

“ಹೋಗಿದ್ದೆ. ತಲೆ ನೋವು ಅಂತ ಅರ್ಧಕ್ಕೇ ಬಂದೆ. ಸಾಯಂಕಾಲ ಬಂದೆ ಅಂತ ಪೊಲೀಸ್‌ನೋರಿಗೆ ಹೇಳಿದೆ. ಯಾರೂ ಹೋಗಿ ವಿಚಾರಿಸ್ಲಿಲ್ಲ. ನೀನೇ ಹೇಳಿದ್ದೆಯಲ್ಲ, ಅಕ್ಕ ಕೆಲಸದಲ್ಲಿದ್ಲು ಅಂತ.”

“ಆಮೇಲೆ?”

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. “ಇವರು ಅಲ್ಲಿ ಬಿದ್ದಿದ್ರು. ಮುಟ್ಟಿ ನೋಡಿದೆ. ಉಸಿರಿರ್ಲಿಲ್ಲ. ಆಸ್ಪತ್ರೇಲಿ ಇಷ್ಟು ವರ್ಷ ಇದ್ದೋಳಿಗೆ ಅಷ್ಟೂ ಗೊತ್ತಾಗಲ್ವಾ. ಮೇಲೆ ಕಂಪ್ಯೂಟರ್ ಟಿಂಗ್ ಟಿಂಗ್ ಅಂತಾನೇ ಇತ್ತು. ಹೋಗಿ ನೋಡಿದ್ರೆ ಆಟ ಹಂಗೇ ಇದೆ. ಇವರ ಕುರ್ಚಿ ಖಾಲಿ, ಕೆಳಗಡೆ ಒಂದು ಗುಂಡಿ, ‘ನಾನು ಬಂದೆ’ ಅಂತ. ಒತ್ತಿದೆ.”

“ಯಾಕೆ?”

“ಹೇಳ್ತೀನಿ.” ಇನ್ನೊಂದು ಅಂಗಿ ಎತ್ತಿಕೊಂಡು ಅದರ ಗುಂಡಿಗಳನ್ನು ಹಾಕತೊಡಗಿದಳು.

“ಮೊದಲ ಸುತ್ತುಗಳಲ್ಲಿ ನೀನು ಹುಚ್ಚುಚ್ಚಾಗಿ ಆಡಿದೀಯ ಅಕ್ಕ,” ಅಂದ ಇವನು. ದನಿಯಲ್ಲಿ ಹಳೆಯ ಜಂಬದ ಚೂರು ಇನ್ನೂ ಉಳಿದಿತ್ತು, ತನ್ನ ತಪ್ಪಿಗೆ ಒಂದು ಸಮರ್ಥನೆ ಸಿಕ್ಕೀತು ಎಂಬ ಆಸೆ. “ಗೊತ್ತಿಲ್ಲದೋರ ಹಂಗೆ ನಟನೆ ಮಾಡಿದ್ಯಾ? ಎಲ್ಲ ಸುತ್ತಿಗೂ ಸೇರಿದೆ. ಮನಸ್ಸಿಗೆ ಬಂದಷ್ಟು ಇಟ್ಟೆ. ಎಕ್ಕದ ಜೋಡಿ ಬಂದಾಗ ಟೈಮ್ ಮುಗಿಯೋವರೆಗೂ ಸುಮ್ಮನಿದ್ದೆ.”

ಅಕ್ಕ ತಲೆಯೆತ್ತಿ ಇವನನ್ನು ನೋಡಿದಳು.

“ಅಳ್ತಾ ಇದ್ದೆ ಕಣೋ,” ಅಂದಳು. “ಕಣ್ಣು ಕಾಣ್ತಿರ್ಲಿಲ್ಲ. ಯಾವ ಗುಂಡಿ ಒತ್ತಿದೆ ಅನ್ನೋದೇ ಗೊತ್ತಿಲ್ಲ. ಎಕ್ಕ ಬಂದಿತ್ತಾ?”

ಆ ಸುತ್ತುಗಳು ಒಂದೊಂದಾಗಿ ಕನ್ನಡಕದವನ ಕಣ್ಣ ಮುಂದೆ ಬಂದವು. ಅವನ್ನು ನೋಡಿ ನಕ್ಕಿದ್ದು ನೆನಪಾಯಿತು. ಮೇಡಂ ಮುಂದೆ ಬೆರಳಿಟ್ಟು ತೋರಿಸಿ ತೋರಿಸಿ ವಿವರಿಸಿದ್ದು ನೆನಪಾಯಿತು. ತನ್ನ ಅಕ್ಕ ಗಂಡನ ಹೆಣ ಕೆಳಗಿಟ್ಟುಕೊಂಡು ಅತ್ತದ್ದನ್ನು ಇವನು ದಡ್ಡತನ ಎಂದು ಓದಿದ್ದ. ಓದಿ ಒಬ್ಬನನ್ನು ಲಾಕಪ್ಪಿಗೂ ಕಳಿಸಿದ್ದ. ಪೂರ್ತಿ ನೋಡಿದ್ದರೆ, ಇನ್ನೊಂದು ಗಳಿಗೆ ಕೂತು ನೋಡಿದ್ದರೆ ಸಾಕಿತ್ತು. ಅಷ್ಟು ತಾಳ್ಮೆ ಇರಲಿಲ್ಲ.

“ಆಮೇಲೆ ಕಣ್ಣೊರೆಸಿಕೊಂಡೆ,” ಅಕ್ಕ ಮುಂದುವರಿಸಿದಳು. “ಸರಿಯಾಗಿ ನೋಡಿದೆ. ಎದುರಿಗೆ ಯಾರೋ ‘ಹಳೇ ಛತ್ರಿ’. ಮೂರನೇ ಸುತ್ತಿಗೇ ಗೊತ್ತಾಯ್ತು, ಅದು ನೀನು ಅಂತ.”

“ಹೆಂಗೆ?”

“ಹೆಂಗೆ ಅಂದ್ರೆ? ಒಳ್ಳೆ ಎಲೆ ಬಂದ್ರೆ ನೀನು ಸ್ವಲ್ಪ ತಡೀತೀಯ, ಬೇರೆಯೋರು ನೀನು ಹೆದರಿದೀಯ ಅಂದ್ಕೊಳ್ಲಿ ಅಂತ. ಬ್ಲಫ್ ಹೊಡೆಯೋವಾಗ ತಟ್ಟಂತ ಇಡ್ತೀಯ. ಕೊನೇ ಎಲೆಗೆ ದೊಡ್ಡದಾಗಿ ಇಟ್ರೆ ನಿನ್ನ ಹತ್ರ ಇದ್ದೇ ಇರುತ್ತೆ. ನಿನ್ನ ಬೆನ್ನ ಹಿಂದೆ ಎಷ್ಟು ವರ್ಷ ಕೂತಿದ್ದೆ ಮರೀ. ನೀನು ನನ್ನನ್ನ ಗುರುತಿಸ್ಲಿಲ್ಲ, ಅಲ್ವಾ?”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ, ಬರೀ ಕೇಳಿದಳು.

“ಇಲ್ಲ ಅಕ್ಕ.”

“ಹೋಗ್ಲಿ.”

“ಅಕ್ಕ, ಯಾಕೆ ಆಡಿದೆ? ಯಾರನ್ನ ಉಳಿಸೋಕೆ? ಭಾವ ಇನ್ನೂ ಬದುಕಿದಾರೆ ಅಂತ ತೋರಿಸೋಕೆ ತಾನೇ? ಮಧ್ಯಾಹ್ನದವರೆಗೂ ಇದ್ರು ಅಂತ ತೋರಿಸಿದ್ರೆ ಯಾರಿಗೆ ಲಾಭ? ಹೇಳು. ನಿನ್ನ ಮೈದುನ ಅಲ್ಲಿ ಕೂತಿದಾನೆ. ಅವನನ್ನ ನಾನು ಬಿಡಿಸ್ಕೊಂಡು ಬರ್ಬೇಕು. ನನ್ನ ಮಾತಿಂದ ಒಳಗೆ ಹೋದೋನು ಅವನು.”

“ಗೊತ್ತು,” ಅಂದಳು ಅಕ್ಕ. “ನಾನು ಈ ಮನೆಗೆ ಬಂದಾಗ ಅವನಿನ್ನೂ ಚಡ್ಡಿ ಹಾಕ್ತಿದ್ದ. ಅವನನ್ನ ಹಿಡ್ಕೊಂಡು ಹೋದ ದಿನದಿಂದ ನನಗೆ ಅನ್ನ ಗಂಟಲಲ್ಲಿ ಇಳೀತಿಲ್ಲ.”

“ಹಾಗಾದ್ರೆ ಹೇಳು. ಯಾರಿಗೋಸ್ಕರ?”

“ನಿನಗೋಸ್ಕರ.”

ಹೊರಗೆ ಯಾರೋ ಗೇಟಿನ ಮುಂದೆ ಗಾಡಿ ನಿಲ್ಲಿಸಿದ ಸದ್ದಾಯಿತು. ಕನ್ನಡಕದವನಿಗೆ ಅದು ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ.

“ಅವತ್ತು ಬಸ್ ಇಳಿದು ರಸ್ತೆ ದಾಟೋಕೆ ನಿಂತಿದ್ದೆ,” ಅಂದಳು ಅಕ್ಕ. “ನಮ್ಮ ಗೇಟಿಂದ ನೀನು ಆಚೆ ಬಂದೆ. ಬೂದು ಕೋಟು. ಕೂಗೋಣ ಅನ್ಕೊಂಡೆ, ಲಾರಿ ಅಡ್ಡ ಬಂತು. ಅಷ್ಟರಲ್ಲಿ ತಿರುವು ದಾಟಿದೆ. ಒಳಗೆ ಬಂದ್ರೆ ಇವರು ಹಿಂಗೆ.”

“ನಾನು ಬಂದೇ ಇಲ್ಲ ಅಕ್ಕ.”

“ಹಿಂದಿನ ವಾರ ಇವರ ಕೊರಳಪಟ್ಟಿ ಹಿಡಿದಿದ್ದೆ ನೀನು. ‘ನಿನ್ನ ತಮ್ಮ ಇನ್ನೂ ಆಟ ಬಿಟ್ಟಿಲ್ಲ, ನನಗೆ ಗೊತ್ತು, ನಾನು ಸುಮ್ಮನಿರಲ್ಲ’ ಅಂತ ಇವರು ನನ್ನ ಹತ್ರ ಹೇಳ್ತಿದ್ರು. ಅದಕ್ಕೇ ಬಂದಿದೀಯ, ಮಾತಿಗೆ ಮಾತು ಬೆಳೆದಿದೆ, ತಳ್ಳಿದೀಯ ಅಂದ್ಕೊಂಡೆ. ಬೇಕು ಅಂತ ಮಾಡಿರಲ್ಲ ಅಂತಾನೂ ಅಂದ್ಕೊಂಡೆ. ಮಧ್ಯಾಹ್ನ ನಿನ್ನ ಅಂಗಡೀಲಿ ಗಿರಾಕಿಗಳಿರ್ತಾರೆ. ಇವರು ಮಧ್ಯಾಹ್ನದವರೆಗೆ ಆಡ್ತಾ ಇದ್ರು ಅಂತಾದ್ರೆ ನೀನು ಉಳ್ಕೊಳ್ತೀಯ. ಅಷ್ಟೇ ಹೊಳೆದದ್ದು ನನಗೆ.”

“ಅಕ್ಕ...”

“ನೋಡಿದ್ರೆ ನೀನು ಗಿರಾಕಿಗಳ ಹತ್ರಾನೂ ಇಲ್ಲ. ಅದೇ ಮೇಜಲ್ಲಿ ಕೂತಿದೀಯ. ಎದುರುಗಡೆ. ಆಗಲೇ ನಿಲ್ಲಿಸ್ಬೇಕಿತ್ತು. ಆಗ್ಲಿಲ್ಲ. ನೀನು ಆ ಕುರ್ಚೀಲಿ ಇರೋವರೆಗೆ ಎಲ್ಲಿಗೂ ಓಡಿಹೋಗಿಲ್ಲ, ಏನೂ ಮಾಡ್ಕೊಂಡಿಲ್ಲ ಅಂತ ಧೈರ್ಯ. ಅದಕ್ಕೇ ಆಡ್ತಾನೇ ಇದ್ದೆ.”

ಭಾವನ ಕೊರಳಪಟ್ಟಿ ಹಿಡಿದದ್ದು ನಿಜ. ಬೂದು ಕೋಟು ಇರುವುದೂ ನಿಜ. ಉಳಿದದ್ದೆಲ್ಲ ಸುಳ್ಳೆಂದು ಇವನಿಗೆ ಮಾತ್ರ ಗೊತ್ತು.

“ಮುಖ ನೋಡಿದ್ಯಾ ಅಕ್ಕ? ನನ್ನ ಮುಖ?”

“ಬೆನ್ನು ನೋಡಿದೆ.”

“ಬರೀ ಬೆನ್ನು. ಅದೂ ಎಷ್ಟು ಹೊತ್ತು?”

“ನಿನ್ನ ಬೆನ್ನು ಗುರುತು ಹಿಡಿಯೋಕೆ ನನಗೆ ಎಷ್ಟು ಹೊತ್ತು ಬೇಕೋ?” ಅಂದಳು ಅಕ್ಕ. ಆ ಮಾತಿನಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ಅಂಥ ದನಿ ಇವನಿಗೆ ಚೆನ್ನಾಗಿ ಗೊತ್ತು. ‘ಇಷ್ಟು ಸಾಕು ಮೇಡಂ’ ಎಂದು ತಾನು ಹೇಳಿದ್ದೂ ಇದೇ ದನಿಯಲ್ಲಿ. ಅವಳಿಗೆ ಬುದ್ಧಿ ಹೇಳುವ ಯೋಗ್ಯತೆ ತನಗಿಲ್ಲವೆಂದು ಅವನಿಗೆ ಅನಿಸಿತು.

“ಅಕ್ಕ, ನೀನು ನನ್ನನ್ನ ಉಳಿಸೋಕೆ ಅಷ್ಟು ಮಾಡಿದ್ದೆ. ನಾನು ಬಂದು ಅದನ್ನೆಲ್ಲ ಹಾಳು ಮಾಡಿದೆ. ಕೂತೋರು ಬೇರೆ ಅಂತ ನಾನೇ ಹೇಳಿದೆ. ಕೊಂದೋನಾಗಿದ್ರೆ ಹಂಗೆ ಹೇಳ್ತಿದ್ನಾ?”

“ನಾನೂ ಅದನ್ನೇ ಯೋಚನೆ ಮಾಡಿದೆ,” ಅಂದಳು ಅಕ್ಕ ಮೆಲ್ಲಗೆ. “ಮೊದಲು ಅರ್ಥ ಆಗ್ಲಿಲ್ಲ. ಆಮೇಲೆ ನನ್ನ ಮೈದುನನ್ನ ಹಿಡ್ಕೊಂಡು ಹೋದ್ರು ನೋಡು, ಆಗ ಅರ್ಥ ಆಯ್ತು. ನೀನು ತಪ್ಪಿಸ್ಕೊಂಡು, ಅದನ್ನ ಅವನ ತಲೆಗೆ ಕಟ್ಟಿದೆ ಅಂತ. ಅಲ್ಲೀವರೆಗೆ ನೀನು ಆವೇಶದಲ್ಲಿ ಮಾಡಿದೀಯ ಅಂತಿದ್ದೆ. ಅದಾದ ಮೇಲೆ...” ಅವಳು ಅಂಗಿಯ ತೋಳನ್ನು ನೇರ ಮಾಡಿದಳು. “ಬೆಳಿಗ್ಗೆ ಸ್ಟೇಷನ್‌ಗೆ ಹೋಗಿದ್ದೆ. ಆಡಿದ್ದು ನಾನು ಅಂತ ಹೇಳಿದೆ. ಗೇಟಲ್ಲಿ ನೋಡಿದ್ದನ್ನೂ ಹೇಳಿದೆ.”

ಬಾಗಿಲು ತಟ್ಟಿದ ಸದ್ದು.

“ತೆಗಿ,” ಅಂದಳು ಅಕ್ಕ. “ಅವರೇ ಇರ್ಬೇಕು.”

*

ಇನ್ಸ್‌ಪೆಕ್ಟರ್ ಮೇಡಂ ಒಬ್ಬರೇ ಒಳಗೆ ಬಂದರು. ಚಪ್ಪಲಿಯ ಮಣ್ಣನ್ನು ಕಾಲೊರಸಿನ ಮೇಲೆ ಒರೆಸಿಕೊಂಡರು. ಕುರ್ಚಿ ಎಳೆದುಕೊಂಡು ಇವನ ಎದುರಿಗೆ ಕೂತು, ನೆಂಟರ ಮನೆಗೆ ಬಂದವರಂತೆ ನಿಧಾನವಾಗಿ ಮಾತು ತೆಗೆದರು.

“ನೀವು ಹಿಡಿದುಕೊಟ್ಟೋರನ್ನ ಬಿಟ್ಟು ಬಂದೆ ಕನ್ನಡಕದವ್ರೇ.”

“ಒಳ್ಳೇದಾಯ್ತು ಮೇಡಂ.” ಅದು ಮನಸಾರೆ ಬಂದ ಮಾತು. ಆ ಒಂದು ಭಾರ ಇಳಿಯಿತು. ಅದರ ಜಾಗಕ್ಕೆ ಬರುವುದೇನೆಂದು ಕಾಣುತ್ತಿದ್ದರೂ ಇಳಿಯಿತು.

“ಪೂರ್ತಿ ನೋಡಿದ್ರಾ?”

“ನೋಡಿದೆ. ‘ಹಳೇ ಛತ್ರಿ’ ನಾನೇ. ಅಂಗಡಿ ಮುಚ್ಕೊಂಡು ಆಡ್ತಿದ್ದೆ. ನಿಮಗೆ ಸುಳ್ಳು ಹೇಳಿದೆ. ಅಕ್ಕನಿಗೆ ಗೊತ್ತಾಗ್ಬಾರ್ದು ಅಂತ ಹೇಳಿದೆ, ಬೇರೇನಿಲ್ಲ. ಬೆಳಿಗ್ಗೆಯಿಂದ ಆ ಕೋಣೇಲೇ ಇದ್ದೆ ಮೇಡಂ. ಈ ಮನೆಗೆ ನಾನು ಬಂದಿಲ್ಲ.”

“ಆ ಕುರ್ಚಿ ನಿಮ್ಮದು ಅಂತ ಬೆಳಿಗ್ಗೆ ನಿಮ್ಮಕ್ಕ ಹೇಳಿದ್ರು. ಕಂಪನಿಯೋರನ್ನ ಕೇಳಿದೆ. ಹೌದು ಅಂದ್ರು.” ಮೇಡಂ ಒಮ್ಮೆ ಮೆಟ್ಟಿಲ ಕಡೆ ನೋಡಿದರು. “ಮೊಬೈಲಲ್ಲೂ ಆಡ್ಬಹುದು ಅಲ್ವಾ ಅದನ್ನ? ಬೇಡ ಬಿಡಿ, ಅಂಗಡೀಲೇ ಇದ್ರಿ ಅಂತಾನೇ ಇಟ್ಕೊಳ್ಳೋಣ. ಅಂಗಡಿಯಿಂದ ಇಲ್ಲಿಗೆ ನಡೆದ್ರೂ ದೂರ ಏನಿಲ್ಲ.”

“ಏಳದೆ ಆಡ್ತಿದ್ದೆ ಮೇಡಂ.”

“ಎದ್ದಿದ್ರಿ.”

ಕನ್ನಡಕದವನು ತಲೆಯೆತ್ತಿದ.

“ನಿಮ್ಮ ಭಾವನ ಕುರ್ಚಿ ಖಾಲಿ ಆಯ್ತಲ್ಲ, ಅದಾದ ಕೂಡಲೇ ನಿಮ್ಮ ಕುರ್ಚೀನೂ ಖಾಲಿ ಆಗಿದೆ. ಉಳಿದ ಮೂವರು ಆಡ್ತಾನೇ ಇದ್ರು. ನಿಮ್ಮಿಬ್ಬರದ್ದೇ ಖಾಲಿ. ಆಮೇಲೆ ನಿಮ್ಮಕ್ಕ ಬಂದು ಆ ಗುಂಡಿ ಒತ್ತಿದಾರೆ. ಒತ್ತಿದ ಸ್ವಲ್ಪ ಹೊತ್ತಿಗೆ ನೀವೂ ವಾಪಸ್ ಬಂದಿದೀರ. ನಿಮ್ಮ ಭಾವ ಸತ್ತಿದ್ದು ಆ ನಡುವೆ.” ಮೇಡಂ ಮುಂದಕ್ಕೆ ಬಾಗಿದರು. “ಯಾಕೆ ಎದ್ರಿ?”

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಪೋಕರ್ ಆಡಿ ಬದುಕಿದ ಯಾರನ್ನು ಕೇಳಿದರೂ ಒಂದೇ ಉಸಿರಿನಲ್ಲಿ ಹೇಳುವ ಉತ್ತರ. ಅದನ್ನು ಅಕ್ಕನ ಎದುರು ಹೇಳಬೇಕಲ್ಲ ಎಂದು ಇವನ ಜೀವ ಹಿಡಿಯಾಯಿತು.

“ಹೇಳೋಕೆ ಏನೂ ಇಲ್ಲ ಅಂತ ಬರ್ಕೊಳ್ಳಾ?” ಎಂದರು ಮೇಡಂ.

“ಹೇಳೋ ಮರೀ,” ಅಂದಳು ಅಕ್ಕ. ಅವಳ ದನಿ ಬದಲಾಗಿತ್ತು. ಅವಳು ಮೇಜು ಬಳಸಿ ಬಂದು ಇವನ ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತಿದ್ದಳು. “ಏನಾದ್ರೂ ಇದ್ರೆ ಹೇಳ್ಬಿಡು. ನಾನು ನೋಡಿದ್ದು ನಿನ್ನನ್ನ ಅಲ್ಲ ಅಂತ ಆಗೋದಾದ್ರೆ ನನಗಿಂತ ಸಂತೋಷ ಪಡೋರು ಯಾರಿದಾರೆ? ನಿಜ ಹೇಳು, ನಂಬ್ತೀನಿ.”

ಇವನು ಅವಳ ಕಡೆ ತಿರುಗಲಿಲ್ಲ. ಹರವಿದ ಅಂಗಿಯನ್ನು ನೋಡುತ್ತ ಹೇಳಿದ.

“ಒಂದು ಮೇಜಲ್ಲಿ ಒಬ್ಬ ಸುಲಭಕ್ಕೆ ಸೋಲೋನು ಇರ್ತಾನೆ. ನಮ್ಮಂಥೋರು ಅವನಿಗೋಸ್ಕರ ಕೂತಿರ್ತೀವಿ. ಅವನು ಎದ್ದ ಅಂದ್ರೆ ನಾವೂ ಏಳ್ತೀವಿ, ಉಳಿದೋರ ಜೊತೆ ಆಡಿ ಏನು ಸಿಗುತ್ತೆ? ಅವನು ವಾಪಸ್ ಬರೋವರೆಗೆ ಕಾಯ್ತೀವಿ. ಬಂದ ತಕ್ಷಣ ಬಂದು ಕೂರ್ತೀವಿ. ಎಲ್ಲರೂ ಮಾಡೋದೇ ಮೇಡಂ ಅದು.” ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. “ಆ ಮೇಜಲ್ಲಿ ಅಂಥೋನು ‘ಸೋಮಾರಿ ಬೆಕ್ಕು’. ಬಂದು ಕೂತ ಸ್ವಲ್ಪ ಹೊತ್ತಿಗೇ ಗುರುತು ಹಾಕಿದ್ದೆ. ಎಷ್ಟೋ ದಿನದಿಂದ ಅವನು ಎಲ್ಲಿ ಕೂತ್ರೆ ಅಲ್ಲಿಗೆ ಹೋಗ್ತಿದ್ದೆ. ಅವನು ಸೋತಿದ್ದೆಲ್ಲ ಬಹಳ ಮಟ್ಟಿಗೆ ನನಗೇ ಬರ್ತಿತ್ತು. ಅದು ಭಾವ ಅಂತ ನನಗೆ ಗೊತ್ತಿರ್ಲಿಲ್ಲ ಅಕ್ಕ. ದೇವರಾಣೆ ಗೊತ್ತಿರ್ಲಿಲ್ಲ. ಅವತ್ತು ಅವನು ಎದ್ದ. ನಾನೂ ಎದ್ದು, ಒದ್ದೆ ಬಟ್ಟೆ ಕಣ್ಣಿಗೆ ಹಾಕ್ಕೊಂಡು ಆ ಕತ್ತಲೆ ಕೋಣೇಲಿ ಕಾಯ್ತಾ ಮಲಗಿದ್ದೆ.”

ಇಸ್ತ್ರಿಪೆಟ್ಟಿಗೆಯ ಕೆಂಪು ದೀಪ ಉರಿಯಿತು, ಆರಿತು.

ಬೂದು ಕೋಟು ತೊಟ್ಟ ಯಾರೋ ಒಬ್ಬ ಈ ಊರಿನಲ್ಲಿ ಇನ್ನೂ ಆರಾಮಾಗಿ ಓಡಾಡಿಕೊಂಡಿದ್ದಾನೆ, ಅವನ ಬೆನ್ನು ನನ್ನ ಬೆನ್ನಿನ ಹಾಗಿದೆ, ಅವನನ್ನು ಈಗ ಹುಡುಕುವವರು ಯಾರೂ ಇಲ್ಲ ಎಂದು ಹೇಳಬೇಕೆಂದು ಕನ್ನಡಕದವನು ಬಾಯಿ ತೆರೆದ. ಅಷ್ಟರಲ್ಲಿ ಮೇಡಂ ಅಕ್ಕನ ಕಡೆ ತಿರುಗಿದ್ದರು.

“ಇದನ್ನ ನಂಬ್ತೀರೇನಮ್ಮ?”

“ನಂಬ್ತೀನಿ,” ಅಂದಳು ಅಕ್ಕ.

ಇವನ ಎದೆ ಒಂದು ಗಳಿಗೆ ಹಗುರಾಯಿತು. ಆಮೇಲೆ ಕುರ್ಚಿಯ ಬೆನ್ನಿನ ಮೇಲಿದ್ದ ಅವಳ ಕೈ ಸರಿದದ್ದು ತಿಳಿಯಿತು.

“ಇವರು ಬೆಳಿಗ್ಗೆ ಎದ್ದ ಕೂಡಲೇ ಹೋಗಿ ಕೂರ್ತಿದ್ರು ಮೇಡಂ. ಇವತ್ತು ಗೆಲ್ತೀನಿ ನೋಡು ಅಂತ ನನಗೆ ಹೇಳಿ ಹೋಗ್ತಿದ್ರು. ಸೋತು ಕೆಳಗೆ ಬಂದಾಗ ಮುಖ ನೋಡೋಕಾಗ್ತಿರ್ಲಿಲ್ಲ,” ಅಂದಳು ಅಕ್ಕ. “ಇವನು ಹೇಳಿದ್ದು ಒಂದಕ್ಷರ ಸುಳ್ಳಲ್ಲ, ನಂಬ್ತೀನಿ. ದಿನಾ ಇವರನ್ನ ಆ ಮುಖದಲ್ಲಿ ಕೆಳಗೆ ಕಳಿಸ್ತಿದ್ದೋನು ಇವನೇ. ಅದಕ್ಕೇ ಹೇಳ್ತಿದೀನಿ, ಕರ್ಕೊಂಡು ಹೋಗಿ ಇವನನ್ನ.”